ಎತ್ತಿನವರ ವೇಷ ಯಾರು ಹಾಕುತ್ತೀರಿ?

ಮಾನ್ಯ ಸಂಪಾದಕರೇ,

ವಿಜಯಪುರದಲ್ಲಿ ನಾಟಕದ ಡ್ರೆಸ್ ಬಾಡಿಗೆಗೆ ಕೊಡುವ ಅಂಗಡಿ ನನ್ನದು. ಉತ್ಸವದ ಮೆರವಣಿಗೆ ಬಂತೆಂದರೆ ಒಂದೇ ಮಖಮಲ್ಲಿನ ಕೋಟು ಬೆಳಿಗ್ಗೆ ಕೃಷ್ಣದೇವರಾಯನ ಮೈಮೇಲೆ, ಸಂಜೆ ಆದಿಲಶಾಹಿ ಸುಲ್ತಾನನ ಮೈಮೇಲೆ. ಬೆನ್ನಿಗೆ ಝಿಪ್, ಕಾಲಿಗೆ ಸ್ಪೋರ್ಟ್ಸ್ ಶೂ. ಗಿರಾಕಿ ಕಡಿಮೆಯಾದರೆ ಆಗಲಿ, ಈ ಬಗ್ಗೆ ಬರೆಯಲೇಬೇಕು ಅನಿಸಿದೆ.

ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿರುವ ನಮ್ಮ ಅಕ್ಕನ ಮಗ ‘ಸೊಸೈಟಿ ಫಾರ್ ಕ್ರಿಯೇಟಿವ್ ಅನಾಕ್ರೊನಿಸಂ’ ಎಂಬ ಸಂಘದ ಅಲ್ಲಿನ ಶಾಖೆಗೆ ಸೇರಿದ್ದಾನೆ. 1966ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ, ಒಂದು ಮನೆಯ ಹಿತ್ತಲಲ್ಲಿ ಹುಟ್ಟಿದ ಸಂಘವದು. 17ನೇ ಶತಮಾನಕ್ಕಿಂತ ಹಿಂದಿನವರ ಹಾಗೆ ಉಟ್ಟು, ಉಂಡು, ಕಾದಾಡುವುದೇ ಹವ್ಯಾಸ. “ಮಾಮಾ, ಬಿಜಾಪುರದ ಜಾಮಾ ಒಂದು ಹೊಲದು ಕಳಸ್ರಿ” ಎಂದು ಎರಡನೇ ಇಬ್ರಾಹಿಂ ಆದಿಲಶಾಹನ ಕಾಲದ ಚಿತ್ರಗಳನ್ನು ವಾಟ್ಸ್‌ಆ್ಯಪ್‌ಗೆ ಹಾಕಿದ. ಜಾಮಾ ಅಂದರೆ ಆ ಕಾಲದ ನಿಲುವಂಗಿ: ತೆಳು ಬಿಳಿ ಮಲ್ಮಲ್, ಬಗಲಲ್ಲಿ ಕಸೆ, ನಡುವಿಗೆ ಜರಿಯಂಚಿನ ಶಲ್ಯ. ನನ್ನ ಅಂಗಡಿಯಲ್ಲಿ ಅಂಥದ್ದು ಒಂದೂ ಇಲ್ಲ!

ಆ ಸಂಘದವರ ಕತ್ತಿ ಬೆತ್ತದ್ದು, ತಲೆಗೆ ಮಾತ್ರ ಕಬ್ಬಿಣದ ಶಿರಸ್ತ್ರಾಣ. ಏಟು ಬಿತ್ತೋ ಇಲ್ಲವೋ ಎಂದು ಹೇಳಬೇಕಾದವನು ಏಟು ತಿಂದವನೇ. ಏಟು ಕಾಲಿಗೆ ಬಿದ್ದರೆ ತಾನೇ ಮಂಡಿಯೂರಿ ಕಾದಬೇಕು. ನಮ್ಮ ಗಲ್ಲಿ ಕ್ರಿಕೆಟ್‌ನಲ್ಲಿ ಔಟಾದವನು ಹೀಗೆ ಒಪ್ಪಿದ್ದನ್ನು ನಾನಂತೂ ಕಂಡಿಲ್ಲ. ಕಾಳಗದ ಪಂದ್ಯ ಗೆದ್ದವನು ಕೆಲವು ತಿಂಗಳು ರಾಜ, ಆಮೇಲೆ ಇನ್ನೊಬ್ಬ. ಇತಿಹಾಸದಲ್ಲಿ ನಿಜವಾಗಿ ಇದ್ದ ಇಂಥ ವ್ಯಕ್ತಿ ನಾನೇ ಎಂದು ಮಾತ್ರ ಯಾರೂ ಹೇಳಿಕೊಳ್ಳುವಂತಿಲ್ಲ. ನಮ್ಮ ಹುಡುಗ ಅಲ್ಲಿ ಬಿಜಾಪುರದ ಕುದುರೆ ವ್ಯಾಪಾರಿ.

ಈ ಕೊನೆಯ ನಿಯಮ ನಮಗೆ ಬೇಕೇಬೇಕು. 1565ರ ತಾಳಿಕೋಟೆ ಕಾಳಗವನ್ನು ಇಲ್ಲಿ ಆಡಹೊರಟರೆ ರಾಮರಾಯ ಯಾರು, ಸುಲ್ತಾನ ಯಾರು ಎಂಬಲ್ಲೇ ಇವತ್ತಿನ ಜಗಳ ಹೊತ್ತಿಕೊಳ್ಳುತ್ತದೆ. ವಿಜಯನಗರದ ದಂಡಿನಲ್ಲಿ ಮುಸ್ಲಿಮರಿದ್ದರು, ಆದಿಲಶಾಹಿ ದಂಡಿನಲ್ಲಿ ಮರಾಠರಿದ್ದರು. ಆ ಹೆಸರಿಲ್ಲದ ಸಿಪಾಯಿಗಳ ವೇಷ ಹಾಕಿದರೆ ತಂಟೆಯೇ ಇಲ್ಲ. ಸುಮಾರು 55 ಟನ್ ತೂಕದ ಮಲಿಕ್-ಎ-ಮೈದಾನ್ ತೋಪನ್ನು ಪರಂಡಾ ಕೋಟೆಯಿಂದ ಇಲ್ಲಿಗೆ ಎತ್ತು ಹೂಡಿ ಎಳೆದು ತಂದವರ ಮೈಮೇಲೆ ಏನಿತ್ತು, ಬುತ್ತಿಯಲ್ಲಿ ಏನಿತ್ತು? ನಮ್ಮ ಮೆರವಣಿಗೆಯಲ್ಲಿ ಎತ್ತಿನವರ ವೇಷ ಕೇಳಿ ನನ್ನ ಅಂಗಡಿಗೆ ಇದುವರೆಗೆ ಒಬ್ಬರೂ ಬಂದಿಲ್ಲ. ಎಲ್ಲರಿಗೂ ಕಿರೀಟವೇ ಬೇಕು.

ಕಾಲೇಜುಗಳ ಇತಿಹಾಸ ವಿಭಾಗದವರು, ತಾಲೀಮುಗಳಲ್ಲಿ ಲಾಠಿ ತಿರುಗಿಸುವ ಹುಡುಗರು ಸೇರಿ ಇಲ್ಲೊಂದು ಅಂಥ ಸಂಘ ಕಟ್ಟಲಿ. ಹೊಸಬರಿಗೆ ಎರವಲು ಕೊಡಲು ಅಲ್ಲಿನ ಶಾಖೆಗಳು ಒಂದಿಷ್ಟು ಬಟ್ಟೆ ಇಟ್ಟುಕೊಂಡಿರುತ್ತವಂತೆ. ಇಲ್ಲಿಯದಕ್ಕೆ ಮೊದಲ ಹತ್ತು ಜಾಮಾಗಳನ್ನು ನಾನು ಪುಕ್ಕಟೆ ಹೊಲಿದು ಕೊಡುತ್ತೇನೆ. ಮಲ್ಮಲ್ ಮಾತ್ರ ಅವರೇ ತರಬೇಕು.

– ಡ್ರೆಸ್ ಅಂಗಡಿ ಮಾಲೀಕ, ವಿಜಯಪುರ