ಕೊಯಿಜುಮಿ ಅವರೇ, ಆ ನೋವಿನ ಲೆಕ್ಕ ಇನ್ನೂ ಬಾಕಿ ಇದೆ

ಜಪಾನಿನ ಮಾಜಿ ಪ್ರಧಾನಿ ಜುನಿಚಿರೊ ಕೊಯಿಜುಮಿ ಅವರಿಗೆ,

ನಮಸ್ಕಾರ. ನಾನು ನಿಮ್ಮ ದೇಶದಲ್ಲಿ ಕೆಲಸ ಮಾಡಿಕೊಂಡಿರುವ ಕನ್ನಡಿಗ. ನನಗೆ ಇಲ್ಲಿ ವೋಟಿಲ್ಲ. ಆದರೆ ತೆರಿಗೆ ಕಟ್ಟುತ್ತೇನೆ. ಕ್ಲಿನಿಕ್ಕಿಗೆ ಹೋದರೆ ವಿಮೆ ಇದ್ದರೂ ಬಿಲ್ಲಿನ ಶೇ 30ರಷ್ಟನ್ನು ಕೈಯಿಂದ ಕೊಟ್ಟು ಬರುತ್ತೇನೆ. ನೌಕರಿಯಲ್ಲಿರುವವರಿಗೆ ಶೇ 20 ಇದ್ದದ್ದು 30 ಆದದ್ದು 2003ರ ಏಪ್ರಿಲ್‌ನಲ್ಲಿ, ನಿಮ್ಮ ಸರ್ಕಾರದಲ್ಲೇ. ಹಾಗಾಗಿ ನಿಮ್ಮನ್ನು ಒಂದು ಮಾತು ಕೇಳಬಹುದು ಅಂದುಕೊಂಡಿದ್ದೇನೆ.

ಮೊದಲು ನಾನು ಮೆಚ್ಚಿದ್ದನ್ನು ಹೇಳಿಬಿಡುತ್ತೇನೆ. 2001ರ ಮೇ 11ರಂದು ಕುಮಮೊಟೊ ಕೋರ್ಟು ಕುಷ್ಠರೋಗಿಗಳ ಪರವಾಗಿ ತೀರ್ಪು ಕೊಟ್ಟಿತು. ಕಾಯಿಲೆಗೆ ಔಷಧಿ ಬಂದು ವಾಸಿಯಾದ ಮೇಲೂ ಅವರನ್ನು ದಶಕಗಟ್ಟಲೆ ಊರಾಚೆ ಇಟ್ಟ ಕಾನೂನು ರದ್ದಾದದ್ದು 1996ರಲ್ಲಿ. ತೀರ್ಪು ಬಂದಾಗ ನೀವು ಪ್ರಧಾನಿಯಾಗಿ ಒಂದು ತಿಂಗಳೂ ಆಗಿರಲಿಲ್ಲ. ಅಧಿಕಾರಿಗಳು ಮೇಲ್ಮನವಿಗೆ ತಯಾರಾಗಿದ್ದರು. ಮೇ 23ರಂದು ನೀವು ದಾವೆ ಹೂಡಿದವರನ್ನೇ ಕಚೇರಿಗೆ ಕರೆಸಿ ಮಾತಾಡಿಸಿದಿರಿ. ಅದೇ ದಿನ ಮೇಲ್ಮನವಿ ಬೇಡ ಅಂದಿರಿ. ಆಮೇಲೆ ಸರ್ಕಾರ ಕ್ಷಮೆ ಕೇಳಿತು. ನಿಮ್ಮ ಐದೂವರೆ ವರ್ಷದ ಆಡಳಿತದಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಈ ಒಂದು ತೀರ್ಮಾನ.

ಅದೇ ಮೇ ತಿಂಗಳ 7ರಂದು ಸಂಸತ್ತಿನ ಮೊದಲ ಭಾಷಣದಲ್ಲಿ ನೀವು ನೂರು ಮೂಟೆ ಅಕ್ಕಿಯ ಕತೆ ಹೇಳಿದಿರಿ. 1868ರ ಬೋಶಿನ್ ಅಂತರ್ಯುದ್ಧದಲ್ಲಿ ಸೋತ ನಾಗಾಓಕಾ ಸಂಸ್ಥಾನದ ಜನ ಊಟಕ್ಕೂ ಕಷ್ಟಪಡುತ್ತಿದ್ದರು. ನಂಟಿದ್ದ ಸಂಸ್ಥಾನದಿಂದ ನೂರು ಮೂಟೆ ಅಕ್ಕಿ ಬಂತು. ನಾಗಾಓಕಾದ ಹಿರಿಯ ಅಧಿಕಾರಿ ಕೊಬಯಾಶಿ ತೊರಸಬುರೊ ಅದನ್ನು ಹಂಚಲು ಬಿಡಲಿಲ್ಲ, ಮಾರಿ ಶಾಲೆಗೆ ಹಾಕಿದರು. ಇವತ್ತು ನೋವು ತಡೆದುಕೊಳ್ಳಿ, ನಾಳೆ ಚೆನ್ನಾಗಿರುತ್ತದೆ ಅನ್ನುವುದು ನಿಮ್ಮ ಮಾತಿನ ಸಾರ. ಜನ ಒಪ್ಪಿದರು. ಹಿಂದಿನ ಪ್ರಧಾನಿ ಮೋರಿ ಅವರಿಗೆ ಶೇ 10ರಷ್ಟು ಜನರ ಬೆಂಬಲವೂ ಉಳಿದಿರಲಿಲ್ಲ. ನಿಮಗೆ ಶೇ 80ರ ಆಸುಪಾಸು ಸಿಕ್ಕಿತು.

ತಿಂಗಳ ಕೊನೆಗೆ ಸುಮೊ ಅಖಾಡ. ಮಂಡಿ ಪೆಟ್ಟು ಮಾಡಿಕೊಂಡೇ ಗೆದ್ದ ಸುಮೊ ಪಟು ತಕನೊಹನಾಗೆ ಕಪ್ ಕೊಡುತ್ತಾ, ನೋವು ಸಹಿಸಿ ಚೆನ್ನಾಗಿ ಹೋರಾಡಿದೆ, ಮನಸ್ಸು ತುಂಬಿ ಬಂತು ಅಂತ ನೀವು ಕೂಗಿದಿರಿ. ಇಡೀ ದೇಶ ಚಪ್ಪಾಳೆ ಹೊಡೆಯಿತು. ಆದರೆ ಆ ಮಂಡಿ ಮತ್ತೆ ಸರಿಹೋಗಲಿಲ್ಲ. ಮುಂದಿನ ಏಳು ಪಂದ್ಯಾವಳಿಗಳಿಗೆ ಅವರು ಇಳಿಯಲೇ ಇಲ್ಲ. 2003ರ ಜನವರಿಯಲ್ಲಿ ನಿವೃತ್ತಿಯಾದರು. ನೋವು ಸಹಿಸುವವರನ್ನು ಹೊಗಳುವುದು ಸುಲಭ. ಆಮೇಲೆ ಅವರ ಗತಿ ಏನಾಯ್ತು ಅಂತ ಯಾರಾದರೂ ನೋಡಬೇಕಲ್ವಾ?

ಅಂಚೆ ವಿಷಯಕ್ಕೆ ಬರುತ್ತೇನೆ. ಅದಿಲ್ಲದೆ ನಿಮ್ಮ ರಾಜಕೀಯವೇ ಇಲ್ಲ. ನಿಮ್ಮ ತಾತ ಮತಾಜಿರೊ ಒಂದು ಕಾಲಕ್ಕೆ ಅಂಚೆ ಇಲಾಖೆಯ ಮಂತ್ರಿ. 1992ರಲ್ಲಿ ನೀವೂ ಆ ಕುರ್ಚಿಯಲ್ಲಿ ಕೂತಿರಿ. ಆಗಿನಿಂದಲೂ ಒಂದೇ ಮಾತು: ಅಂಚೆ ಖಾಸಗಿಯಾಗಬೇಕು. 1995ರಲ್ಲಿ, 1998ರಲ್ಲಿ ನಿಮ್ಮ ಲಿಬರಲ್ ಡೆಮಾಕ್ರಟಿಕ್ ಪಕ್ಷದ ಅಧ್ಯಕ್ಷ ಸ್ಥಾನಕ್ಕೆ ನಿಂತು ಸೋತರೂ ಬಿಡಲಿಲ್ಲ. ಅದರ ಹಿಂದಿನ ಕಾರಣ ನನಗೆ ಅರ್ಥವಾಗುತ್ತದೆ. 24,000ಕ್ಕೂ ಜಾಸ್ತಿ ಪೋಸ್ಟ್ ಆಫೀಸು. ಉಳಿತಾಯ, ವಿಮೆ ಸೇರಿ 300 ಲಕ್ಷ ಕೋಟಿ ಯೆನ್‌ಗೂ ಜಾಸ್ತಿ ಹಣ. ಆ ಹಣ ವರ್ಷಾನುಗಟ್ಟಲೆ ಬೇಕಾದ, ಬೇಡದ ರಸ್ತೆ, ಸೇತುವೆಗಳಿಗೆಲ್ಲ ಹರಿಯಿತು. ಹಳ್ಳಿಯ ಪೋಸ್ಟ್ ಮಾಸ್ಟರುಗಳು ನಿಮ್ಮದೇ ಪಕ್ಷಕ್ಕೆ ಓಟು ತರುತ್ತಿದ್ದರು. ಕೂತ ಕೊಂಬೆಗೇ ಕೊಡಲಿ ಹಾಕುವ ಧೈರ್ಯ ನಿಮ್ಮದು.

2005ರ ಆಗಸ್ಟ್. ಜುಲೈ 5ರಂದು ಕೆಳಮನೆಯಲ್ಲಿ ಅಂಚೆ ಖಾಸಗೀಕರಣದ ಮಸೂದೆ 233–228ರಲ್ಲಿ, ಬರೀ ಐದು ಓಟಿನಲ್ಲಿ ದಾಟಿತ್ತು. ಮೇಲ್ಮನೆಯಲ್ಲಿ ಬಿದ್ದರೆ ಕೆಳಮನೆಯನ್ನೇ ವಿಸರ್ಜಿಸುತ್ತೇನೆ ಅಂತ ನೀವು ಹಟ ಹಿಡಿದಿದ್ದಿರಿ. ಬೇಡ ಅಂತ ಬುದ್ಧಿ ಹೇಳಲು ಮೋರಿ ನಿಮ್ಮ ನಿವಾಸಕ್ಕೆ ಬಂದರು. ಹೊರಗೆ ಬಂದಾಗ ಅವರ ಕೈಯಲ್ಲಿ ನೀವು ಕೊಟ್ಟ ಬಿಯರಿನ ಅಮುಕಿದ ಕ್ಯಾನು, ಒಣಗಿದ ಚೀಸಿನ ತುಂಡು. ಸತ್ತರೂ ಸರಿ, ಬಿಡಲ್ಲ ಅಂತಾನೆ ಈ ಮನುಷ್ಯ ಅಂತ ಪತ್ರಕರ್ತರ ಮುಂದೆ ಗೋಳು ತೋಡಿಕೊಂಡರು. ಆಗಸ್ಟ್ 8ರಂದು ಮೇಲ್ಮನೆಯಲ್ಲಿ ಮಸೂದೆ 108–125ರಲ್ಲಿ ಬಿತ್ತು. ಅವತ್ತೇ ವಿಸರ್ಜನೆ. ರಾತ್ರಿ ಟಿವಿಯಲ್ಲಿ, ಭೂಮಿ ಸುತ್ತುತ್ತದೆ ಅಂದು ಶಿಕ್ಷೆ ಅನುಭವಿಸಿದ ಗೆಲಿಲಿಯೊ ಹೆಸರು ಹೇಳಿ ಜನರನ್ನೇ ಕೇಳುತ್ತೇನೆ ಅಂದಿರಿ. ವಿರುದ್ಧ ಓಟು ಹಾಕಿದ 37 ಮಂದಿ ಸ್ವಪಕ್ಷದವರಿಗೆ ಟಿಕೆಟ್ ಇಲ್ಲ, ಅವರ ಕ್ಷೇತ್ರಗಳಲ್ಲಿ ಅವರ ಎದುರೇ ಹೊಸ ಮುಖಗಳು. ಸೆಪ್ಟೆಂಬರ್ 11ರಂದು ನಿಮ್ಮ ಪಕ್ಷಕ್ಕೆ 480ರಲ್ಲಿ 296 ಸೀಟು. ಅಕ್ಟೋಬರ್ 14ಕ್ಕೆ ಮಸೂದೆ ಪಾಸು. ಇಂಥ ಚುನಾವಣೆ ನಾನು ಇನ್ನೊಂದು ಕಂಡಿಲ್ಲ.

ಆದರೆ ಗೆದ್ದ ಮೇಲೆ ಏನಾಯ್ತು? 2007ರ ಅಕ್ಟೋಬರ್‌ನಲ್ಲಿ ಅಂಚೆ ಕಂಪನಿಗಳಾಗಿ ಒಡೆಯಿತು. 2012ರಲ್ಲಿ ಕಾನೂನು ಬದಲಿಸಿ ಬ್ಯಾಂಕು, ವಿಮೆಯ ಷೇರು ಮಾರುವ ಗಡುವನ್ನೇ ತೆಗೆದರು. 2019ರಲ್ಲಿ ಅಂಚೆ ವಿಮೆಯವರು ವಯಸ್ಸಾದವರಿಗೆ ಬೇಡದ ಪಾಲಿಸಿ ಕಟ್ಟಿಸಿದ್ದು ಬಯಲಾಯಿತು. 2021ರಿಂದ ಶನಿವಾರ ಮಾಮೂಲಿ ಪತ್ರ ಬರುವುದಿಲ್ಲ. 2024ರಲ್ಲಿ 84 ಯೆನ್ ಇದ್ದ ಅಂಚೆಚೀಟಿ 110 ಆಯಿತು. ಎಲ್ಲ ನಿಮ್ಮ ತಪ್ಪು ಅನ್ನುವುದಿಲ್ಲ. ಪತ್ರ ಬರೆಯುವವರೇ ಕಡಿಮೆಯಾದರು, ನಿಮ್ಮ ನಂತರದವರು ಅರ್ಧಕ್ಕೇ ಕೈಬಿಟ್ಟರು. ಬ್ಯಾಂಕುಗಳ ವಿಷಯದಲ್ಲಂತೂ ನೀವು ಗೆದ್ದಿರಿ. ದೊಡ್ಡ ಬ್ಯಾಂಕುಗಳ ಕೆಟ್ಟ ಸಾಲ 2002ರಲ್ಲಿ ಶೇ 8.4 ಇತ್ತು, 2005ರಲ್ಲಿ ಶೇ 2.9ಕ್ಕೆ ಇಳಿಯಿತು. ಈ ಕೆಲಸ ನೋಡಿಕೊಂಡ ನಿಮ್ಮ ಮಂತ್ರಿ ತಕೆನಕಾ ಅವರನ್ನು ಎಲ್ಲರೂ ಬೈಯುತ್ತಿದ್ದಾಗ ನೀವು ಅವರ ಬೆನ್ನಿಗೆ ನಿಂತಿದ್ದಿರಿ.

ನನ್ನ ತಕರಾರು ಬೇರೆ. 2004ರ ಮಾರ್ಚ್‌ನಿಂದ ಏಜೆನ್ಸಿ ಮೂಲಕ ಕಾರ್ಖಾನೆಗಳಿಗೂ ಕೆಲಸದವರನ್ನು ಕಳಿಸಬಹುದು ಅಂತಾಯಿತು. ನೀವು ಬಂದಾಗ ಖಾಯಂ ಅಲ್ಲದ ನೌಕರರು ಶೇ 27ರಷ್ಟಿದ್ದರು, ಹೋಗುವಾಗ ಶೇ 33. ಆಗ ಕಾಲೇಜು ಮುಗಿಸಿ ಬಂದ ಹುಡುಗರಿಗೆ ಮೊದಲೇ ಕೆಲಸವಿರಲಿಲ್ಲ. 2008ರಲ್ಲಿ ಅಮೆರಿಕದ ಲೇಮನ್ ಬ್ಯಾಂಕ್ ಮುಳುಗಿದಾಗ ಮೊದಲು ಹೊರಬಿದ್ದವರು ಏಜೆನ್ಸಿಯವರೇ. ಕೆಲಸದ ಜೊತೆ ಕಂಪನಿ ಕೊಟ್ಟ ಕೋಣೆಯೂ ಹೋಯಿತು. ಆ ವರ್ಷದ ಕೊನೆಯ ದಿನ, ಎಲ್ಲರೂ ಊರಿಗೆ ಹೋಗಿ ಹೊಸ ವರ್ಷ ಮಾಡುವ ಹೊತ್ತಿನಲ್ಲಿ, ಅವರು ಟೋಕಿಯೊದ ಹಿಬಿಯಾ ಪಾರ್ಕಿನಲ್ಲಿ ಗುಡಾರ ಹಾಕಿಕೊಂಡು ಬಿಸಿ ಊಟಕ್ಕೆ ಸಾಲು ನಿಂತಿದ್ದರು. ಎದುರಿಗೇ ಕಾರ್ಮಿಕ ಇಲಾಖೆಯ ಕಟ್ಟಡ.

ನಾಗಾಓಕಾದಲ್ಲಿ ಹಸಿದವರ ಮಕ್ಕಳೇ ಶಾಲೆಗೆ ಹೋದರು. ಇವರ ಪಾಲಿನ ಶಾಲೆ ಎಲ್ಲಿ? ಆ ಪೀಳಿಗೆಗೆ ಈಗ ನಲವತ್ತು, ಐವತ್ತು ದಾಟಿದೆ. ಕಟ್ಟಿದ ಪಿಂಚಣಿ ಕಡಿಮೆ, ಮದುವೆ ಮುಂದೂಡುತ್ತಲೇ ವಯಸ್ಸಾದವರು ಎಷ್ಟೋ ಜನ.

ನಿಮ್ಮನ್ನೇ ಏಕೆ ಕೇಳುತ್ತಿದ್ದೇನೆ ಅಂದರೆ, ನಿಲುವು ಬದಲಿಸುವ ಧೈರ್ಯ ನಿಮಗಿದೆ. ಪ್ರಧಾನಿಯಾಗಿದ್ದಾಗ ನೀವು ಅಣು ವಿದ್ಯುತ್ತಿನ ಪರ. ಫುಕುಶಿಮಾ ಆದ ಮೇಲೆ, 2013ರಲ್ಲಿ ಫಿನ್ಲೆಂಡಿನ ಓಂಕಾಲೊಗೆ ಹೋಗಿ ಅಣು ತ್ಯಾಜ್ಯ ಹೂಳುವ ಸುರಂಗ ನೋಡಿ ಬಂದಿರಿ. ಬಂದವರೇ ಅಣು ಸ್ಥಾವರ ಬೇಡವೇ ಬೇಡ ಅಂದಿರಿ. ನಿಮ್ಮದೇ ಪಕ್ಷದ ಸರ್ಕಾರಕ್ಕೆ ಎದುರಾಗಿ ಊರೂರು ಸುತ್ತಿ ಭಾಷಣ ಮಾಡಿದಿರಿ. ಅಷ್ಟೇ ನೇರವಾಗಿ ಏಜೆನ್ಸಿ ಕೆಲಸಗಾರರ ಬಗ್ಗೆಯೂ ಮಾತಾಡಿ.

2024ರಲ್ಲಿ ನಿಮ್ಮ ಮಗ ಶಿಂಜಿರೊ ಪಕ್ಷದ ಅಧ್ಯಕ್ಷ ಸ್ಥಾನಕ್ಕೆ ನಿಂತಾಗ, ನೌಕರರನ್ನು ಕೆಲಸದಿಂದ ತೆಗೆಯುವ ನಿಯಮಗಳನ್ನು ಬದಲಿಸಬೇಕು ಅಂದರು. ಜನ ಹೆದರಿದರು. ಆ ಹೆದರಿಕೆ ಸುಮ್ನೆ ಹುಟ್ಟಿದ್ದಲ್ಲ, ನಿಮ್ಮ ಕಾಲದ್ದು. ಕುಷ್ಠರೋಗದ ಕೇಸಿನಲ್ಲಿ ಮಾಡಿದ ಹಾಗೆ, 2004ರ ನಂತರ ಕೆಲಸ ಕಳೆದುಕೊಂಡವರನ್ನು ಕರೆಸಿ ಕೂರಿಸಿಕೊಂಡು ಮಾತಾಡಿ. ಆಗ ನಿಮ್ಮ ಮಗನನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ಅವರು ಹೇಳಿದ್ದನ್ನು ಕೇಳಿದ ಮೇಲೆ, ಆ ಕಾನೂನು ಸರಿಯಿತ್ತೋ ಇಲ್ಲವೋ ಅಂತ ಬಹಿರಂಗವಾಗಿ ಹೇಳಿ.

ಇಂತಿ,
ಜಪಾನಿನಲ್ಲಿರುವ ಒಬ್ಬ ಕನ್ನಡಿಗ