ಹೊಕ್ಕುಳಿಗೆ ಟೇಪ್ ಅಂಟಿಸುವ ಮೊದಲು

ಶ್ರೀನಿವಾಸಪುರ

ಚಿ.ಸೌ. ಪುಟ್ಟಿಗೆ ನಿನ್ನ ದೊಡ್ಡಮ್ಮನ ಆಶೀರ್ವಾದಗಳು.

ನೀನು ಕಳಿಸಿದ ಮಗುವಿನ ಫೋಟೋ ನೋಡಿದೆ. ಅತ್ತಾಗ ಹೊಕ್ಕುಳು ಹೆಬ್ಬೆರಳಿನ ತುದಿಯಷ್ಟು ಮುಂದೆ ಬರುತ್ತದೆ, ಯಜಮಾನರು ಕಬಡ್ಡಿಗೆ ಭುಜಕ್ಕೆ ಹಾಕಿಕೊಳ್ಳುವ, ಎಳೆದರೆ ಹಿಗ್ಗುವ ಬಣ್ಣದ ಟೇಪನ್ನೇ ಕತ್ತರಿಸಿ ಅಂಟಿಸಲಾ ಅಂತ ಕೇಳಿದ್ದೀಯ. ಫೋನಿನಲ್ಲಿ ಹೇಳಿದರೆ ಮಧ್ಯದಲ್ಲಿ ಮಗು ಅಳುತ್ತದೆ, ಅರ್ಧ ಮಾತು ಅಲ್ಲೇ ಉಳಿಯುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಅಂಟಿಸಬೇಡ. ಮಕ್ಕಳ ಡಾಕ್ಟರು ನೋಡಿ, ಬೇಕು ಅಂತ ಹೇಳಿ, ಅವರೇ ಹಾಕಿ ತೋರಿಸಿದರೆ ಆ ಮಾತು ಬೇರೆ.

ಮಗು ಹೊಟ್ಟೆಯಲ್ಲಿದ್ದಾಗ ಹೊಕ್ಕುಳಬಳ್ಳಿ ಒಳಗೆ ಹೋಗಲು ಹೊಟ್ಟೆಯ ಗೋಡೆಯಲ್ಲಿ ಒಂದು ದಾರಿ ಇರುತ್ತದೆ. ಬಳ್ಳಿ ಬಿದ್ದ ಮೇಲೆ ಅದು ತಾನಾಗಿ ಮುಚ್ಚಿಕೊಳ್ಳಬೇಕು. ಕೆಲವು ಮಕ್ಕಳಿಗೆ ಅದು ನಿಧಾನ. ಅಜ್ಜಿಯ ಎಲೆಅಡಿಕೆ ಸಂಚಿಯ ದಾರ ಎಷ್ಟು ಎಳೆದರೂ ಬಾಯಲ್ಲಿ ಬೆರಳು ತೂರುವಷ್ಟು ಸಂದು ಉಳಿಯುತ್ತಿತ್ತಲ್ಲ, ಹಾಗೆ. ಮಗು ಅತ್ತಾಗ, ಕೆಮ್ಮಿದಾಗ, ತಿಣುಕಿದಾಗ ಆ ಸಂದಿನಿಂದ ಕರುಳಿನ ಸ್ವಲ್ಪ ಭಾಗ ಚರ್ಮದ ಕೆಳಗೆ ಮುಂದಕ್ಕೆ ಬರುತ್ತದೆ. ಸುಮ್ಮನೆ ಮಲಗಿದಾಗ ಒಳಗೆ ಹೋಗುತ್ತದೆ. ಡಾಕ್ಟರು ಇದನ್ನು ಅಂಬಿಲಿಕಲ್ ಹರ್ನಿಯಾ ಅನ್ನುತ್ತಾರೆ. ತಿಂಗಳು ತುಂಬುವ ಮೊದಲೇ ಹುಟ್ಟಿದ, ತೂಕ ಕಡಿಮೆ ಇರುವ ಮಕ್ಕಳಿಗೆ ಇದು ಜಾಸ್ತಿ. ನಮ್ಮ ಕೂಸೂ ಬೇಗ ಬಂದವನೇ ಅಲ್ವಾ?

ಮೊದಲ ಕೆಲವು ತಿಂಗಳು ಅದು ಇನ್ನೂ ಸ್ವಲ್ಪ ದೊಡ್ಡದಾಗಬಹುದು. ಗಾಬರಿಯಾಗಬೇಡ. ಹೆಚ್ಚಿನ ಮಕ್ಕಳಿಗೆ 4-5 ವರ್ಷದೊಳಗೆ ತಾನಾಗಿ ಮುಚ್ಚುತ್ತದೆ, ಎಷ್ಟೋ ಮಕ್ಕಳಿಗೆ ಅದಕ್ಕೂ ಮೊದಲೇ. ಅಳುವುದರಿಂದ ಹರ್ನಿಯಾ ಬರುವುದಿಲ್ಲ. ಅತ್ತಾಗ ಕಾಣುತ್ತದೆ, ಅಷ್ಟೇ. ಮಗು ಅಳಲೇಬಾರದು ಅಂತ ರಾತ್ರಿಯೆಲ್ಲ ಹೆಗಲ ಮೇಲೆ ಹಾಕಿಕೊಂಡು ತಿರುಗಬೇಡ, ನೀನೂ ಹಸಿ ಮೈಯವಳು. ಇನ್ನೊಂದು, ಬಳ್ಳಿಯನ್ನು ನರ್ಸು ಸರಿಯಾಗಿ ಕಟ್ಟಲಿಲ್ಲ, ಅದಕ್ಕೇ ಹೀಗಾಯಿತು ಅಂತ ಯಾರಾದರೂ ಹೇಳಿದರೆ ನಂಬಬೇಡ. ಬಳ್ಳಿ ಎಲ್ಲಿ ಕತ್ತರಿಸಿದರು, ಹೇಗೆ ಕಟ್ಟಿದರು ಅನ್ನುವುದಕ್ಕೂ ಇದಕ್ಕೂ ಸಂಬಂಧವಿಲ್ಲ. ನರ್ಸಮ್ಮನಾಗಿ ದುಡಿದ ನನಗೆ ಈ ಅಪವಾದ ಕೇಳಿದರೆ ಈಗಲೂ ಕೋಪ ಬರುತ್ತದೆ.

ಆ ಬಣ್ಣದ ಟೇಪಿನ ವಿಷಯಕ್ಕೆ ಬರುತ್ತೇನೆ. ಅದನ್ನು 1970ರ ದಶಕದಲ್ಲಿ ಜಪಾನಿನ ಕೆಂಜೊ ಕಾಸೆ ಎಂಬುವವರು ಮಾಡಿದ್ದು, ಸ್ನಾಯು ಕೀಲುಗಳ ನೋವಿಗೆ. ಹತ್ತಿ ಬಟ್ಟೆ, ಎಳೆದರೆ ಹಿಗ್ಗುತ್ತದೆ, ಹಿಂದೆ ಗಟ್ಟಿ ಅಂಟು. ಹೊಕ್ಕುಳಿನ ಎರಡೂ ಕಡೆಯ ಚರ್ಮವನ್ನು ಹತ್ತಿರ ತಂದು ಇದನ್ನು ಅಂಟಿಸಿದರೆ ಉಬ್ಬು ಒಳಗೇ ಇರುತ್ತದೆ, ಸಂದು ಬೇಗ ಮುಚ್ಚುತ್ತದೆ ಅನ್ನುವುದು ಫೋನಿನ ವಿಡಿಯೋಗಳಲ್ಲಿ ಹೇಳುವ ಲೆಕ್ಕ. ಇದು ಬರೀ ವಿಡಿಯೋದವರ ಮಾತು ಅಂತ ತಳ್ಳಿಹಾಕಲಾರೆ. ಜಪಾನಿನಲ್ಲಿ ಕೆಲವು ಡಾಕ್ಟರು ಹತ್ತಿಯ ಉಂಡೆ ಒತ್ತಿ ಮೇಲೆ ಅಂಟುಪಟ್ಟಿ ಹಾಕುವುದುಂಟು. ಆದರೆ ಅದನ್ನು ಅವರೇ ಹಾಕಿ, ಅವರೇ ಮತ್ತೆ ಮತ್ತೆ ನೋಡುತ್ತಾರೆ. ಅಲ್ಲೂ ಚರ್ಮ ಕೆಂಪಾಗಿ ಕೆರೆಯುವ ತೊಂದರೆ ಇದ್ದದ್ದೇ. ನಮ್ಮ ಕಡೆಯ ಹೆಚ್ಚಿನ ಮಕ್ಕಳ ಡಾಕ್ಟರು ಸುಮ್ಮನೆ ಕಾಯಿರಿ ಅನ್ನುತ್ತಾರೆ. ನನಗೂ ಅದೇ ಸರಿ ಅನಿಸುತ್ತದೆ.

ಎಳೆ ಮಗುವಿನ ಚರ್ಮ ತುಂಬಾ ತೆಳು. ದೊಡ್ಡವರ ಭುಜಕ್ಕೆ ಮಾಡಿದ ಅಂಟು ಅದನ್ನು ಕಿತ್ತು ತರುತ್ತದೆ. ಈ ಬಿಸಿಲಿನಲ್ಲಿ ಬೆವರು ಕೂತರೆ ಬೊಕ್ಕೆ ಏಳುತ್ತದೆ. ಅದಕ್ಕಿಂತ ಮುಖ್ಯವಾದದ್ದು, ಟೇಪ್ ಮುಚ್ಚಿದರೆ ಉಬ್ಬಿನ ಬಣ್ಣ ಬದಲಾದದ್ದು ನಿನಗೆ ಕಾಣುವುದೇ ಇಲ್ಲ. ನಾವು ನೋಡಬೇಕಾದದ್ದೇ ಅದು.

ನಿಮ್ಮ ಅತ್ತೆ ಹೇಳುವ ರೂಪಾಯಿ ನಾಣ್ಯಕ್ಕೂ ಇದೇ ಮಾತು. ನಾಣ್ಯವನ್ನು ಬಟ್ಟೆಯಲ್ಲಿ ಸುತ್ತಿ ಹೊಟ್ಟೆಗೆ ಬಿಗಿದರೆ ಕೆಳಗೆ ತೇವ ನಿಂತು ಹುಣ್ಣಾಗುತ್ತದೆ. ಮಾವಿನ ಕೊಯ್ಲಿನ ಕಾಲದಲ್ಲಿ ತೋಟದ ಮನೆಯೊಂದರಲ್ಲಿ ಅಂಥ ಮಗುವನ್ನು ನೋಡಿದ್ದೇನೆ. ನಾಣ್ಯ ತೆಗೆದರೆ ಕೆಳಗೆ ಕೀವು. ಎಳೆ ಮಕ್ಕಳು ಉಸಿರಾಡುವುದೇ ಹೊಟ್ಟೆಯಿಂದ. ಅದನ್ನು ಬಿಗಿದರೆ ಉಸಿರಾಟಕ್ಕೂ ಕಷ್ಟ, ಹಾಲು ಕುಡಿಯುವುದಕ್ಕೂ ಕಷ್ಟ.

ಆದರೆ ಅತ್ತೆಯ ಜೊತೆ ವಾದಕ್ಕೆ ನಿಲ್ಲಬೇಡ. ನಿನ್ನ ಗಂಡನಿಗೂ ಹೀಗೇ ಇತ್ತು, ನಾಣ್ಯ ಕಟ್ಟಿದೆ, ಹೋಯಿತು ಅನ್ನುತ್ತಾರೆ. ಸುಳ್ಳು ಹೇಳುತ್ತಿಲ್ಲ ಪಾಪ. ಕಟ್ಟಿದ್ದೂ ನಿಜ, ಹೋದದ್ದೂ ನಿಜ. ಕಟ್ಟದಿದ್ದರೂ ಹೋಗುತ್ತಿತ್ತು ಅನ್ನುವುದು ಮಾತ್ರ ಅವರಿಗೆ ಗೊತ್ತಾಗಲು ದಾರಿಯೇ ಇರಲಿಲ್ಲ. ತಾನಾಗಿ ವಾಸಿಯಾಗುವ ಕಾಯಿಲೆಗೆ ಏನು ಕಟ್ಟಿದರೂ ಕಟ್ಟಿದ್ದಕ್ಕೇ ಹೆಸರು ಬರುತ್ತದೆ. ಆಗ ನಾಣ್ಯಕ್ಕೆ ಬಂತು, ಈಗ ಟೇಪಿಗೆ ಬರುತ್ತಿದೆ. ಇದನ್ನೆಲ್ಲ ಅವರ ಮುಖಕ್ಕೆ ಹೇಳಬೇಡ. ಆಸ್ಪತ್ರೆಗೆ ನೀವೂ ಬನ್ನಿ ಅತ್ತೆ, ಡಾಕ್ಟರನ್ನು ನೀವೇ ಕೇಳಿ ಅಂತ ಕರೆದುಕೊಂಡು ಹೋಗು. ಸೊಸೆ ಹೇಳಿದರೆ ಎದುರುತ್ತರ, ಡಾಕ್ಟರು ಹೇಳಿದರೆ ಸಲಹೆ. ನಮ್ಮ ಮನೆಗಳು ಇರುವುದೇ ಹಾಗೆ.

ನೀನು ಮರೆಯಬಾರದ್ದು ಇದು. ಉಬ್ಬು ಗಟ್ಟಿಯಾಗಿ, ಮಗು ಸಮಾಧಾನವಾದ ಮೇಲೂ ಒಳಗೆ ಹೋಗದಿದ್ದರೆ, ಕೆಂಪಗೆ ಅಥವಾ ಕಪ್ಪಗೆ ತಿರುಗಿದರೆ, ಮುಟ್ಟಿದರೆ ಮಗು ಕಿರುಚಿದರೆ, ವಾಂತಿ ಶುರುವಾದರೆ, ಹೊಟ್ಟೆ ಊದಿದರೆ ಅಲ್ಲಿ ಕರುಳು ಸಿಕ್ಕಿಕೊಂಡಿರಬಹುದು. ಇದು ಅಪರೂಪ. ಆದರೆ ಹಾಗೇನಾದರೂ ಆದರೆ ಬೆಳಗಾಗಲಿ ಅಂತ ಕಾಯಬೇಡ, ಒತ್ತಿ ಒಳಗೆ ಕಳಿಸಲೂ ಹೋಗಬೇಡ. 108ಕ್ಕೆ ಫೋನ್ ಮಾಡು. ಕೋಲಾರದ ಎಸ್.ಎನ್.ಆರ್. ಆಸ್ಪತ್ರೆಯೋ ಬೆಂಗಳೂರೋ, ಎಲ್ಲಿಗೆ ಬೇಗ ತಲುಪುತ್ತೀರೋ ಅಲ್ಲಿಗೆ. ತೊಡೆಸಂದಿಯಲ್ಲಿ ಉಬ್ಬು ಕಂಡರೆ ಅದು ಬೇರೆ ಹರ್ನಿಯಾ, ತಾನಾಗಿ ಹೋಗುವುದಿಲ್ಲ, ಅದನ್ನು ತಡಮಾಡದೆ ತೋರಿಸಬೇಕು. ಮಗು ಯಾವಾಗಲೂ ಮಂಕಾಗಿದ್ದು, ಮಲಬದ್ಧತೆಯೂ ಇದ್ದರೆ ಹೊಕ್ಕುಳಿನ ಉಬ್ಬಿಗೆ ಥೈರಾಯ್ಡ್ ಕೊರತೆಯೂ ಕಾರಣವಿರಬಹುದು, ಅದರ ಪರೀಕ್ಷೆ ಬೇಕಾ ಅಂತ ಡಾಕ್ಟರನ್ನು ಕೇಳು.

ಒಂದು ವೇಳೆ ಡಾಕ್ಟರೇ ಟೇಪ್ ಹಾಕಿಸಿದರೆ ಎಷ್ಟು ದಿನ ಇಡಬೇಕು ಅಂತ ಕೇಳಿಕೊಂಡು ಬಾ. ತೆಗೆಯುವಾಗ ಒಣಗಿದ್ದನ್ನು ಜಗ್ಗಬೇಡ. ಎಣ್ಣೆ ಹಚ್ಚಿ ನೆನೆಸಿ, ಚರ್ಮವನ್ನು ಬೆರಳಿನಿಂದ ಹಿಡಿದುಕೊಂಡು ನಿಧಾನಕ್ಕೆ ಬಿಡಿಸು. ಕೆಂಪಾಗಿದ್ದರೆ ಮತ್ತೆ ಹಾಕಬೇಡ.

5 ವರ್ಷವಾದರೂ ಮುಚ್ಚದಿದ್ದರೆ, ಇಲ್ಲವೇ ಸಂದು ತುಂಬಾ ಅಗಲ ಇದ್ದರೆ ಚಿಕ್ಕ ಆಪರೇಷನ್ ಮಾಡುತ್ತಾರೆ. ಅದರ ಚಿಂತೆ ಈಗ ಬೇಡ.

14 ವಾರದ ಲಸಿಕೆಗೆ ಹೇಗೂ ಹೋಗುತ್ತೀಯಲ್ಲ, ಅವತ್ತೇ ಹೊಕ್ಕುಳನ್ನೂ ತೋರಿಸು. ಸ್ನಾನ, ಎಣ್ಣೆ ಎಲ್ಲ ಎಂದಿನಂತೆ ನಡೆಯಲಿ, ಹೊಕ್ಕುಳಿನ ಮೇಲೆ ಮಾತ್ರ ಒತ್ತಿ ತಿಕ್ಕಬೇಡಿ. ತಾಯಿ ಕಾರ್ಡ್ ಮರೆತು ಹೋಗಬೇಡ. ಡಾಕ್ಟರು ಏನಂದರು ಅಂತ ಸಂಜೆ ಫೋನ್ ಮಾಡು.

ಇತಿ ನಿನ್ನ
ದೊಡ್ಡಮ್ಮ