ಅರ್ಧಕ್ಕೆ ನಿಂತ ಹಳೆಯ ಕಾರಿಗೆ ಎಷ್ಟು ಕೊಡಬೇಕು?

ಮಾನ್ಯ ಸಂಪಾದಕರೇ,

ದುರಸ್ತಿ ಅರ್ಧಕ್ಕೆ ನಿಂತ ಹಳೆಯ ಕಾರು ಮಾರುವವರು ಈವರೆಗೆ ಸುರಿದ ಹಣದ ರಸೀದಿಗಳನ್ನು ತೋರಿಸಿ ಬೆಲೆ ಹೇಳುತ್ತಾರೆ. ಅದಕ್ಕೆ ಒಪ್ಪಿದವರ ಕೈಯಲ್ಲಿ ಮುಂದಿನ ಕೆಲಸಕ್ಕೆ ದುಡ್ಡು ಉಳಿಯದೆ, ಒಳ್ಳೆಯ ಕಾರುಗಳು ಶೆಡ್ಡಿನಲ್ಲೇ ತುಕ್ಕು ಹಿಡಿಯುತ್ತಿವೆ.

ಲೆಕ್ಕ ಹೀಗಿರಲಿ: ಅದೇ ಮಾದರಿಯ ಓಡುವ ಕಾರಿನ ಮಾರುಕಟ್ಟೆ ಬೆಲೆಯಿಂದ ಉಳಿದ ಕೆಲಸದ ಖರ್ಚನ್ನು ಕಳೆಯಿರಿ. ಬಿಚ್ಚಿದಾಗಷ್ಟೇ ಕಾಣುವ ದೋಷಗಳಿಗೆಂದು ಆ ಖರ್ಚಿನ ಶೇ 30ರಷ್ಟನ್ನು ಮತ್ತೆ ಕಳೆಯಿರಿ. ಎಷ್ಟೋ ಸಲ ಏನೂ ಉಳಿಯುವುದಿಲ್ಲ.

ಹೆಚ್ಚು ಹಣ ನುಂಗುವುದು ಬಾಡಿ. ಉಕ್ಕಿನ ಬಾಡಿಯಾದರೆ ಬಾಗಿಲ ಕೆಳಗಿನ ಪಟ್ಟಿ, ಫ್ಲೋರ್, ಸಸ್ಪೆನ್ಷನ್ ಕೂರುವ ಜಾಗಗಳ ಮೇಲೆ ತೆಳು ಬಟ್ಟೆ ಸುತ್ತಿದ ಆಯಸ್ಕಾಂತ ಆಡಿಸಿ. ಹಿಡಿಯದ ಕಡೆ ದಪ್ಪ ಪುಟ್ಟಿ ಮೆತ್ತಿರುತ್ತಾರೆ. ಬಾಗಿಲ ಸಂದು ಮೇಲೆ ಕಿರಿದಾಗಿ ಕೆಳಗೆ ಅಗಲವಾಗಿದೆಯೇ? ಆಧಾರ ಕೊಡದೆ ಪಟ್ಟಿ ಕತ್ತರಿಸಿ ವೆಲ್ಡಿಂಗ್ ಮಾಡಿದ್ದರೆ ಬಾಡಿ ನಡುವೆ ಕುಸಿದು ಹೀಗಾಗುತ್ತದೆ. ಆ ವೆಲ್ಡಿಂಗನ್ನು ಕಿತ್ತು ಹೊಸದಾಗಿ ಮಾಡಬೇಕು, ಆದ್ದರಿಂದ ಅದಕ್ಕೆ ಕಾಸೂ ಕೊಡಬೇಡಿ.

ಎಂಜಿನ್ ರೀಬೋರ್ (ಸವೆದ ಸಿಲಿಂಡರನ್ನು ಕೊರೆದು ಅಗಲಿಸುವುದು) ಆಗಿದೆ ಎಂದರೆ ಅಳತೆ ನಮೂದಿಸಿದ ಬಿಲ್ ಕೇಳಿ. ಸ್ಪಾರ್ಕ್ ಪ್ಲಗ್ ತೆಗೆದು, ಕ್ರ್ಯಾಂಕ್ (ಎಂಜಿನ್ನಿನ ಮುಖ್ಯ ತಿರುಗು ದಂಡ) ಬೋಲ್ಟಿಗೆ ಸ್ಪ್ಯಾನರ್ ಹಾಕಿ ತಿರುಗಿಸಿದಾಗ ಎಂಜಿನ್ ಮಿಸುಕದಿದ್ದರೆ ಪೂರ್ತಿ ಕಳಚುವ ಖರ್ಚನ್ನು ಸೇರಿಸಿ.

ಡಬ್ಬಗಳಲ್ಲಿ ತುಂಬಿಟ್ಟ ಸಾಮಾನನ್ನು ಬಿಡಿಭಾಗಗಳ ಪಟ್ಟಿ ಹಿಡಿದು ಎಣಿಸಿ. ಪಿಸ್ಟನ್, ಬೇರಿಂಗ್ ಹೇಗೋ ಹೊಂದಿಸಬಹುದು; ಕ್ರೋಮ್ ಪಟ್ಟಿ, ಹಿಂದಿನ ಗಾಜು, ಮೀಟರ್‌ಗಳಿಗಾಗಿ ವರ್ಷಗಟ್ಟಲೆ ಅಲೆಯಬೇಕಾದೀತು. ಚಾಸಿ ನಂಬರ್ ದಾಖಲೆಗೆ ತಾಳೆಯಾಗದಿದ್ದರೆ ಬಿಡಿಭಾಗಗಳ ಬೆಲೆಗಿಂತ ಒಂದು ಪೈಸೆಯೂ ಹೆಚ್ಚು ಬೇಡ.

– ಹಳೆಯ ಕಾರುಗಳ ದುರಸ್ತಿಗಾರ